ಐದೂವರೆ ಮೊಳದ ಹಗ್ಗ: ಖಂಡಗಳ ಚಲನೆಯ ಪಾಠ ಮಾಡುವ ನನ್ನ ಕ್ರಮ

ಮೊದಲು ಸಾಮಾನಿನ ಲೆಕ್ಕ. ತೆಂಗಿನ ನಾರಿನ ಹಗ್ಗ, ಗಂಟಿಗೆ ಹೋಗುವುದೂ ಸೇರಿ ಹದಿನೆಂಟು ಮೀಟರ್. ಮೂರು ಬಣ್ಣದ ಬಟ್ಟೆ ಚೂರು. ಒಂದೇ ದಿನದ ಎರಡು ಪತ್ರಿಕೆ, ಒಂದು ಕನ್ನಡದ್ದು, ಒಂದು ಮಲಯಾಳದ್ದು. ಹಳೆಯ ಬಿಳಿ ಪಂಚೆ ಎರಡು, ಒಂದು ತುಂಡು ಇದ್ದಿಲು, ಒಂದು ನಾಣ್ಯ. ಪಂಚೆಯನ್ನು ಮನೆಯಲ್ಲಿ ಕೇಳಿಯೇ ತನ್ನಿ. ಹಳತು ಅಂತ ನಾನು ಎತ್ತಿಕೊಂಡು ಹೋದದ್ದು ನಮ್ಮವರು ದೇವಸ್ಥಾನಕ್ಕೆ ಅಂತ ತೆಗೆದಿಟ್ಟದ್ದಾಗಿತ್ತು. ಇದ್ದಿಲಿನ ಕಲೆ ಇನ್ನೂ ಹೋಗಿಲ್ಲ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪಾಠವನ್ನು ಇಪ್ಪತ್ತು ವರ್ಷದ ಮೇಲೆ ಮಾಡಿದ್ದೇನೆ. ಮೊದಮೊದಲು ಮಾಡುತ್ತಿದ್ದ ಕ್ರಮ ಸರಿಯಿಲ್ಲ ಅಂತ ನನಗೆ ತೋರಿಸಿಕೊಟ್ಟದ್ದು ಒಬ್ಬ ಹುಡುಗ. ಆಗೆಲ್ಲ ನಾನು ಕಥೆ ಹೇಳುತ್ತಿದ್ದೆ: ಆಲ್ಫ್ರೆಡ್ ವೆಗೆನರ್ ಅಂತ ಒಬ್ಬ ಜರ್ಮನ್ ಹವಾಮಾನ ವಿಜ್ಞಾನಿ 1912ರಲ್ಲಿ ಖಂಡಗಳು ಸರಿಯುತ್ತವೆ ಅಂದ, ಭೂವಿಜ್ಞಾನಿಗಳೆಲ್ಲ ನಕ್ಕರು, 1930ರಲ್ಲಿ ಪಾಪ ಗ್ರೀನ್‌ಲ್ಯಾಂಡಿನ ಹಿಮದಲ್ಲೇ ತೀರಿಕೊಂಡ, ಆಮೇಲೆ ಅವನೇ ಸರಿ ಅಂತಾಯಿತು. ಎದುರು ಬೆಂಚಿನ ಹುಡುಗಿಯರು ಕಣ್ಣೊರೆಸಿಕೊಳ್ಳುವ ಹಾಗೆ ಹೇಳುತ್ತಿದ್ದೆ. ಒಂದು ವರ್ಷ ಆ ಪಾಠ ಮುಗಿದ ಮರುವಾರ ಹುಡುಗನೊಬ್ಬ ಅಜ್ಜನ ಕೈಬಳೆಯ ಸುದ್ದಿ ತಂದ. ಅಯಸ್ಕಾಂತದ ಬಳೆಯಂತೆ, ವಾಟ್ಸಾಪಿನಲ್ಲಿ ಬಂದದ್ದಂತೆ, ಸಕ್ಕರೆ ಕಾಯಿಲೆ ಗುಣವಾಗುತ್ತದಂತೆ, ಅಜ್ಜ ಮಾತ್ರೆ ಬಿಟ್ಟಿದ್ದಾರಂತೆ. ಹಾಗೆಲ್ಲ ಆಗುವುದಿಲ್ಲ ಮಾರಾಯ, ಮೊದಲು ಮಾತ್ರೆ ಶುರು ಮಾಡಲಿಕ್ಕೆ ಹೇಳು ಅಂದೆ. "ವೆಗೆನರ್‌ಗೂ ಹೀಗೇ ಹೇಳಿದ್ದಲ್ವಾ ಟೀಚರ್" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ಪಾಠದಿಂದ ಅವನು ಕಲಿತದ್ದು ಒಂದೇ: ಯಾರನ್ನು ಜನ ನಗುತ್ತಾರೋ ಅವರು ಸರಿ ಇರುತ್ತಾರೆ. ಕಲಿಸಿದವಳು ನಾನೇ.

ಇನ್ನೊಂದು ಕಡೆಯಿಂದಲೂ ಕಿರಿಕಿರಿ ಉಂಟು. ಒಂದು ತರಬೇತಿಯಲ್ಲಿ ಕೊಟ್ಟ ವರ್ಕ್‌ಶೀಟಿನಲ್ಲಿ ಪ್ರಶ್ನೆ ಹೀಗಿತ್ತು: ಖಂಡಗಳ ಚಲನೆಯನ್ನು ಒಪ್ಪಲು ವಿಜ್ಞಾನಿಗಳಿಗೆ ಅರ್ಧ ಶತಮಾನ ಬೇಕಾಯಿತು, ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಮನುಷ್ಯ ರೈಟ್ ಸಹೋದರರ ವಿಮಾನದಿಂದ ಚಂದ್ರನವರೆಗೆ ಹೋದ, ಹೋಲಿಸಿ ಬರೆಯಿರಿ. 1903ರಿಂದ 1969, ಅರವತ್ತಾರು ವರ್ಷ. ಮಕ್ಕಳು ಏನು ಬರೆಯುತ್ತಾರೆ? ತಂತ್ರಜ್ಞಾನ ವೇಗ, ವಿಜ್ಞಾನ ನಿಧಾನ, ಭೂವಿಜ್ಞಾನಿಗಳು ಹಟಮಾರಿಗಳು. ಎರಡು ಮಾರ್ಕು. ಈ ಉತ್ತರ ಬಾರದ ಹಾಗೆ ಪಾಠ ಮಾಡುವುದು ಹೇಗೆ ಎಂಬುದೇ ಕೆಳಗೆ ಬರೆದದ್ದು. ಮೂರು ಪೀರಿಯಡ್ ಬೇಕು. ಎರಡರಲ್ಲಿ ಮುಗಿಸಲು ಹೋಗಿ ನಾನು ಕೆಟ್ಟಿದ್ದೇನೆ.

ಪತ್ರಿಕೆ ಹರಿಯುವುದು

ಎರಡು ಪತ್ರಿಕೆಯ ಒಂದೊಂದು ಹಾಳೆ ತೆಗೆದು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಹರಿಯಿರಿ. ಮೇಲಿಂದ ಕೆಳಗೆ ಹರಿದರೆ ಪತ್ರಿಕೆ ಗೆರೆ ಎಳೆದ ಹಾಗೆ ನೇರ ಹರಿಯುತ್ತದೆ, ಹಾಗಾಗಿ ಬೇಕೆಂದೇ ಕೈ ತಿರುಗಿಸುತ್ತಾ ಅಂಕುಡೊಂಕು ಮಾಡಬೇಕು. ಅಡ್ಡಕ್ಕೆ ಹರಿದರೆ ಅಂಕುಡೊಂಕು ತಾನಾಗಿ ಬರುತ್ತದೆ ನಿಜ. ಆದರೆ ಸಾಲುಗಳು ತುಂಡಾಗುವುದಿಲ್ಲ. ನಮಗೆ ಸಾಲು ತುಂಡಾಗಬೇಕು.

ಈಗ ಕನ್ನಡದ ಎಡ ಚೂರಿಗೆ ಮಲಯಾಳದ ಬಲ ಚೂರನ್ನು ಜೋಡಿಸಿ ಮಕ್ಕಳಿಗೆ ದೂರದಿಂದ ತೋರಿಸಿ. ಅಂಚು ಸರಿಯಾಗಿ ಕೂರುತ್ತದೆ. ಒಂದೇ ಹಾಳೆಯಾ ಅಂತ ಕೇಳಿದರೆ ಹಿಂದಿನ ಬೆಂಚಿನವರು ಹೌದು ಅನ್ನುತ್ತಾರೆ. ಹತ್ತಿರ ಕರೆದು ಓದಲು ಹೇಳಿ. ಎಡಗಡೆ 'ಪಂಚಾಯತು ಸಭೆಯಲ್ಲಿ' ಅಂತ ಶುರುವಾದ ಸಾಲು ಬಲಗಡೆ ಮಲಯಾಳದಲ್ಲಿ ಚಿನ್ನದಂಗಡಿಯ ಜಾಹೀರಾತಾಗಿರುತ್ತದೆ. ಮಕ್ಕಳು ನಗುತ್ತಾರೆ. ಆಮೇಲೆ ಕನ್ನಡಕ್ಕೆ ಕನ್ನಡದ ಚೂರನ್ನೇ ಕೂರಿಸಿ. ಒಂದು ಸಾಲು ಆಚೆಗೆ ಓದಿಸಿಕೊಂಡು ಹೋದರೆ ಆಕಸ್ಮಿಕ ಅನ್ನಬಹುದು, ಹತ್ತು ಸಾಲೂ ಹೋದರೆ? ಎರಡೂ ಲಿಪಿ ಓದುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಹೇಳಿ ಮಾಡಿಸಿದ ಪ್ರಯೋಗ ಇದು, ಮೈಸೂರಿನಲ್ಲಿ ಮಾಡಿದರೆ ಇಷ್ಟು ರುಚಿ ಬಾರದು. ಹರಿದ ಪತ್ರಿಕೆಯ ಹೋಲಿಕೆ ಸ್ವತಃ ವೆಗೆನರ್‌ನದ್ದು. ಎರಡನೇ ಭಾಷೆ ಮಾತ್ರ ನಮ್ಮದು.

ಅಂಚು ಕೂರುವುದು ದೊಡ್ಡ ಸಂಗತಿಯೇನಲ್ಲ ಅಂತ ಇಲ್ಲಿ ಹೇಳಬೇಕು. ಅಮೆರಿಕ ಮತ್ತು ಆಫ್ರಿಕದ ಅಂಚು ಹೊಂದುತ್ತದೆ ಅಂತ 1596ರಲ್ಲೇ ನಕಾಶೆ ಮಾಡುವ ಓರ್ಟೇಲಿಯಸ್ ಬರೆದಿದ್ದ. ವೆಗೆನರ್ ಮಾಡಿದ ಕೆಲಸ ಸಾಲು ಓದಿದ್ದು. ಮೀಸೋಸಾರಸ್ ಎಂಬ ಸಣ್ಣ ಸರೀಸೃಪ, ಸಿಹಿನೀರು-ಉಪ್ಪುನೀರಿನ ನಡುವೆ ಬದುಕುವಂಥದ್ದು, ಮಹಾಸಾಗರ ಈಜುವ ತಾಕತ್ತಿಲ್ಲದ್ದು, ಅದರ ಪಳೆಯುಳಿಕೆ ಬ್ರೆಜಿಲ್‌ನಲ್ಲೂ ಸಿಕ್ಕಿತು, ದಕ್ಷಿಣ ಆಫ್ರಿಕದಲ್ಲೂ ಸಿಕ್ಕಿತು. ಗ್ಲೋಸಾಪ್ಟೆರಿಸ್ ಎಂಬ ನಾಲಗೆಯಂಥ ಎಲೆಯ ಗಿಡದ ಅಚ್ಚು ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕ ಎಲ್ಲ ಕಡೆ ಇದೆ. ಒಡಿಶಾದ ತಾಲ್ಚೇರಿನಲ್ಲಿ ಹಿಮನದಿ ಉರುಳಿಸಿ ತಂದು ಹಾಕಿದ ಬಂಡೆಗುಂಡುಗಳಿವೆ. ಮೇ ತಿಂಗಳಲ್ಲಿ ತಾಲ್ಚೇರಿಗೆ ಹೋದವರಿದ್ದರೆ ಅವರ ಹತ್ತಿರ ಈ ಮಾತು ಹೇಳಿ ನೋಡಿ. ಆ ದೊಡ್ಡ ದಕ್ಷಿಣ ಭೂಭಾಗಕ್ಕೆ ಇಟ್ಟ ಗೊಂಡ್ವಾನ ಎಂಬ ಹೆಸರು ನಮ್ಮ ಮಧ್ಯ ಭಾರತದ ಗೊಂಡರ ನಾಡಿನದ್ದು ಎಂಬುದನ್ನು ಮರೆಯದೆ ಹೇಳಿ. ಆ ಹೆಸರು ಕೇಳಿದರೆ ಮಕ್ಕಳಿಗೆ ವಿಷಯ ಒಮ್ಮೆಲೇ ಊರಿನದ್ದಾಗುತ್ತದೆ.

ಆಮೇಲೆ, ಅದೇ ಪೀರಿಯಡ್‌ನಲ್ಲಿ, ಒಪ್ಪದವರ ಪರವಾಗಿ ವಾದ ಮಾಡಬೇಕು. ಇದನ್ನು ಬಿಟ್ಟರೆ ಪಾಠ ಮತ್ತೆ ಕಣ್ಣೊರೆಸುವ ಕಥೆಯಾಗುತ್ತದೆ. ನಾನು ತರಗತಿಯ ಅತಿ ಜಗಳಗಂಟ ಹುಡುಗನನ್ನು ಆರಿಸಿ ಅವನಿಗೆ ಮೂರು ಚೀಟಿ ಕೊಡುತ್ತೇನೆ. ಒಂದನೇ ಚೀಟಿ: ಇಷ್ಟು ದೊಡ್ಡ ನೆಲವನ್ನು ತಳ್ಳಿದ್ದು ಯಾರು? ವೆಗೆನರ್ ಹೇಳಿದ್ದು ಭೂಮಿ ತಿರುಗುವುದರಿಂದ ಹುಟ್ಟುವ ಬಲ, ಸೂರ್ಯಚಂದ್ರರ ಸೆಳೆತ. ಬ್ರಿಟನ್ನಿನ ಭೂಭೌತವಿಜ್ಞಾನಿ ಹ್ಯಾರಲ್ಡ್ ಜೆಫ್ರೀಸ್ ಲೆಕ್ಕ ಹಾಕಿ ತೋರಿಸಿದ: ಆ ಬಲಗಳು ಎಲ್ಲಿಗೂ ಸಾಲುವುದಿಲ್ಲ, ಖಂಡವನ್ನು ಎಳೆಯುವಷ್ಟು ಸೆಳೆತ ಇದ್ದಿದ್ದರೆ ಭೂಮಿ ತಿರುಗುವುದೇ ನಿಂತುಹೋಗಬೇಕಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಎರಡನೇ ಚೀಟಿ: ಗ್ರೀನ್‌ಲ್ಯಾಂಡ್ ವರ್ಷಕ್ಕೆ ಮೀಟರುಗಟ್ಟಲೆ ಸರಿಯುತ್ತಿದೆ ಅಂತ ವೆಗೆನರ್ ಹಳೆಯ ರೇಖಾಂಶದ ಅಳತೆಗಳನ್ನು ಹಿಡಿದು ಹೇಳಿದ. ಅಳತೆಗಳೇ ತಪ್ಪಿದ್ದವು, ನಿಜವಾದದ್ದು ಎರಡು ಎರಡೂವರೆ ಸೆಂಟಿಮೀಟರ್. ಮೂರನೇ ಚೀಟಿ: ಪ್ರಾಣಿಗಳು ನಡೆದುಬರಲು ಒಂದು ಕಾಲದಲ್ಲಿ ಭೂಸೇತುವೆಗಳಿದ್ದವು, ಆಮೇಲೆ ಮುಳುಗಿದವು ಅಂತ ಆಗಲೇ ಒಂದು ಉತ್ತರ ಚಾಲ್ತಿಯಲ್ಲಿತ್ತು. ಮೂರನೆಯದು ಬಡ ಉತ್ತರ, ಆದರೆ ಮೊದಲೆರಡು ಗಟ್ಟಿ ಆಕ್ಷೇಪಗಳು. ಬಳೆಯ ಹುಡುಗನಿಗೆ ನಾನು ಅವತ್ತು ಹೇಳಬೇಕಾಗಿದ್ದದ್ದು ಇದನ್ನೇ: ವೆಗೆನರ್‌ಗೆ ಜನ ಪ್ರಶ್ನೆ ಕೇಳಿದರು, ಅವನ ಹತ್ತಿರ ಅರ್ಧ ಪ್ರಶ್ನೆಗೆ ಉತ್ತರ ಇರಲಿಲ್ಲ. ಬಳೆಯವನ ಹತ್ತಿರ ಮೀಸೋಸಾರಸ್ಸೂ ಇರಲಿಲ್ಲ.

ಎಲ್ಲರೂ ನಕ್ಕರು ಎಂಬುದೂ ಸರಿಯಲ್ಲ. ದಕ್ಷಿಣ ಆಫ್ರಿಕದ ಅಲೆಕ್ಸಾಂಡರ್ ಡು ಟಾಯ್ಟ್ ದಕ್ಷಿಣ ಅಮೆರಿಕಕ್ಕೆ ಹೋಗಿ ಬಂಡೆ ಪದರಗಳನ್ನು ನೋಡಿ ಬಂದು 1937ರಲ್ಲಿ ವೆಗೆನರ್ ಪರವಾಗಿ ಇಡೀ ಪುಸ್ತಕ ಬರೆದ. ನಮ್ಮ ಬೀರಬಲ್ ಸಾಹ್ನಿ 1930ರ ದಶಕದಲ್ಲೇ ಸಸ್ಯ ಪಳೆಯುಳಿಕೆ ಹಿಡಿದು ಈ ವಾದವನ್ನು ಚರ್ಚಿಸಿದ್ದರು. ಬ್ರಿಟನ್ನಿನ ಆರ್ಥರ್ ಹೋಮ್ಸ್, ಭೂಮಿಯ ಒಳಗಿನ ಬಿಸಿಬಂಡೆ ಗಂಜಿ ಕುದಿಯುವ ಹಾಗೆ ನಿಧಾನವಾಗಿ ಮೇಲೆ ಕೆಳಗೆ ಸುತ್ತುತ್ತಾ ಖಂಡಗಳನ್ನು ಹೊತ್ತೊಯ್ಯಬಹುದು ಅಂತ ಆಗಲೇ ಸೂಚಿಸಿದ್ದ.

ಪಂಚೆ ಎಳೆಯುವುದು

ಎರಡನೇ ಪೀರಿಯಡ್. ಎರಡು ಡೆಸ್ಕುಗಳನ್ನು ಒಂದು ಮುಷ್ಟಿ ಅಂತರ ಬಿಟ್ಟು ಇಡಿ. ಎರಡು ಪಂಚೆಗಳನ್ನೂ ಕೆಳಗೆ ಮುದ್ದೆಮಾಡಿ ಇಟ್ಟು ಒಬ್ಬ ಹುಡುಗನನ್ನು ಡೆಸ್ಕಿನ ಅಡಿ ಕೂರಿಸಿ. ಎರಡರ ತುದಿಯನ್ನೂ ಸಂದಿಯಿಂದ ಮೇಲಕ್ಕೆ ತಂದು ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಎಳೆಯಲು ಇಬ್ಬರು. ಸಂದಿಯ ಬಾಯಲ್ಲಿ ಇದ್ದಿಲು ಹಿಡಿದು ಒಬ್ಬಳು. ಇನ್ನೊಬ್ಬಳು ನಾಣ್ಯ ಚಿಮ್ಮಬೇಕು. ಸಿಂಹ ಬಿದ್ದರೆ ಮೇಲೆ ಬರುವ ಬಟ್ಟೆಗೆ ಎರಡೂ ಕಡೆ ಇದ್ದಿಲು ಬಳಿಯುವುದು, ಅಂಕೆ ಬಿದ್ದರೆ ಬೆಳ್ಳಗೆ ಬಿಡುವುದು. ಪ್ರತಿ ಸಲ ಎಷ್ಟು ಎಳೆಯಬೇಕೆಂಬುದನ್ನು ನೀವು ಹೇಳಿ: ಒಮ್ಮೆ ಒಂದು ಗೇಣು, ಒಮ್ಮೆ ನಾಲ್ಕು ಬೆರಳು, ಒಮ್ಮೆ ಎರಡು ಗೇಣು. ಸಮ ಸಮ ಎಳೆದರೆ ಪ್ರಯೋಗದ ಸತ್ವವೇ ಹೋಯಿತು. ಅಡಿಯಲ್ಲಿ ಕೂತವನು ಎರಡನ್ನೂ ಸಮಾನವಾಗಿ ಬಿಡುತ್ತಾ ಹೋಗಬೇಕು. ತುಂಟನನ್ನು ಕೂರಿಸಬೇಡಿ, ಒಂದು ಕಡೆಯದ್ದನ್ನು ಹಿಡಿದುಬಿಡುತ್ತಾನೆ.

ಹತ್ತು ಹನ್ನೆರಡು ಸಲ ಆದ ಮೇಲೆ ಪಕ್ಕದ ತರಗತಿಯಿಂದ, ಇದನ್ನು ನೋಡದ ಇಬ್ಬರನ್ನು ಕರೆಯಿರಿ. ಡೆಸ್ಕುಗಳ ಮೇಲಿನ ಕಪ್ಪು ಬಿಳಿ ಪಟ್ಟೆಗಳನ್ನು ತೋರಿಸಿ, ಇದರಲ್ಲಿ ಹೊಸತು ಯಾವುದು, ಹಳತು ಯಾವುದು ಅಂತ ಕೇಳಿ. ಒಂದು ನಿಮಿಷ ನೋಡಿ, ಸಂದಿಯ ಹತ್ತಿರದ್ದು ಹೊಸತು, ಎರಡೂ ಕಡೆ ಕನ್ನಡಿ ಹಿಡಿದ ಹಾಗೆ ಉಂಟು ಅನ್ನುತ್ತಾರೆ. ನನಗೆ ಇಷ್ಟು ವರ್ಷದಲ್ಲಿ ಹೇಳದೆ ಹೋದವರು ಸಿಕ್ಕಿಲ್ಲ.

ಈಗ ವಿವರಿಸಿ. ಸಾಗರದ ತಳದಲ್ಲಿ ಉದ್ದಕ್ಕೆ ಪರ್ವತ ಸಾಲು ಉಂಟು, ಅದರ ನಡುವೆ ಬಿರುಕು. ಅಲ್ಲಿಂದ ಲಾವಾ ಮೇಲೆ ಬಂದು ತಣ್ಣಗಾಗಿ ಎರಡೂ ಕಡೆಗೆ ಸರಿಯುತ್ತದೆ. ತಣ್ಣಗಾಗುವ ಹೊತ್ತಿಗೆ ಭೂಮಿಯ ಅಯಸ್ಕಾಂತ ಯಾವ ದಿಕ್ಕಿಗಿತ್ತೋ ಅದು ಬಂಡೆಯಲ್ಲಿ ಅಚ್ಚಾಗುತ್ತದೆ. ಭೂಮಿಯ ಅಯಸ್ಕಾಂತ ಆಗಾಗ ತಿರುಗಿ ಬೀಳುತ್ತದೆ, ಅಂದರೆ ಉತ್ತರ ದಕ್ಷಿಣ ಅದಲುಬದಲಾಗುತ್ತದೆ, ಕೊನೆಯ ಸಲ ಬಿದ್ದದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ. ಪಂಚೆಯ ಪಟ್ಟೆ ಅಂದರೆ ಅದೇ. ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ 1962ರಲ್ಲಿ ಸಾಗರತಳ ಹರಡುವ ವಿಚಾರ ಬರೆದ. 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಪಟ್ಟೆಗಳ ಅರ್ಥ ಹೇಳಿ ಪ್ರಕಟಿಸಿದರು. ಅದೇ ವರ್ಷ ಕೆನಡಾದ ಲಾರೆನ್ಸ್ ಮಾರ್ಲಿ ಅದೇ ವಿಚಾರ ಬರೆದು ಕಳಿಸಿದ್ದನ್ನು ಎರಡು ವಿಜ್ಞಾನ ಪತ್ರಿಕೆಗಳು ತಿರುಗಿಸಿ ಕಳಿಸಿದ್ದವು. ಒಬ್ಬ ಪರಿಶೀಲಕ, ಇದು ಪಾರ್ಟಿಯಲ್ಲಿ ಹರಟುವಂಥ ವಿಷಯ ಎಂಬರ್ಥದಲ್ಲಿ ಬರೆದಿದ್ದನಂತೆ. 1966ರ ಹೊತ್ತಿಗೆ ದಕ್ಷಿಣ ಪೆಸಿಫಿಕ್‌ನಲ್ಲಿ ಎಲ್ಟಾನಿನ್ ಹಡಗು ತಂದ ಅಳತೆಯಲ್ಲಿ ಪಟ್ಟೆಗಳು ಎಷ್ಟು ಚೆನ್ನಾಗಿ ಕನ್ನಡಿ ಹಿಡಿದಿದ್ದವು ಅಂದರೆ, ಅಲ್ಲಿಯವರೆಗೆ ಒಪ್ಪದಿದ್ದವರು ಸರಸರನೆ ಒಪ್ಪತೊಡಗಿದರು. 1968ರ ಹೊತ್ತಿಗೆ, ಭೂಮಿಯ ಹೊರಪದರ ದೊಡ್ಡ ದೊಡ್ಡ ಹಲಗೆಗಳಾಗಿ ಒಡೆದಿದೆ, ಅವು ಸರಿಯುತ್ತವೆ ಎಂಬ ಭೂಫಲಕಗಳ ಸಿದ್ಧಾಂತ ನಿಂತಿತು.

ಮೇರಿ ಥಾರ್ಪ್ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ನನಗೆ ಅದರ ಬಗ್ಗೆ ಪಕ್ಷಪಾತ ಉಂಟು. ಆಗ ಸಂಶೋಧನಾ ಹಡಗಿಗೆ ಹೆಂಗಸರನ್ನು ಹತ್ತಿಸುತ್ತಿರಲಿಲ್ಲ. ಗಂಡಸರು ಹಡಗಿನಲ್ಲಿ ಹೋಗಿ ಸದ್ದು ಕಳಿಸಿ ಆಳ ಅಳೆದು ತರುವುದು, ಇವಳು ನ್ಯೂಯಾರ್ಕಿನಲ್ಲಿ ಮೇಜಿನ ಮುಂದೆ ಕೂತು ಆ ಸಾವಿರಾರು ಅಂಕೆಗಳಿಂದ ಅಟ್ಲಾಂಟಿಕ್ ತಳದ ಚಿತ್ರ ಬರೆಯುವುದು. 1952ರ ಸುಮಾರಿಗೆ ಪರ್ವತ ಸಾಲಿನ ನಡುವೆ ಒಂದು ಕಣಿವೆ ಎದ್ದು ಕಂಡಿತು. ಜತೆ ಕೆಲಸ ಮಾಡುತ್ತಿದ್ದ ಬ್ರೂಸ್ ಹೀಜನ್ ಅದನ್ನು ಹೆಂಗಸರ ಹರಟೆ ಅಂತ ತಳ್ಳಿಹಾಕಿದ, ಯಾಕೆಂದರೆ ಕಣಿವೆ ಉಂಟು ಅಂದರೆ ಖಂಡಗಳು ಸರಿಯುತ್ತವೆ ಅಂದ ಹಾಗಾಗುತ್ತಿತ್ತು. ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಬೇರೆ ಕೆಲಸಕ್ಕಾಗಿ ಭೂಕಂಪಗಳ ಜಾಗ ಗುರುತು ಮಾಡುತ್ತಿದ್ದ. ಒಂದರ ಮೇಲೊಂದು ಇಟ್ಟು ನೋಡಿದರೆ ಭೂಕಂಪಗಳೆಲ್ಲ ಸಾಲಾಗಿ ಆ ಕಣಿವೆಯೊಳಗೇ. ಹೀಜನ್ ಒಪ್ಪಿದ.

ಪೀರಿಯಡ್ ಮುಗಿಯುವ ಮೊದಲು ಒಂದು ಪ್ರಶ್ನೆ ಬಿಟ್ಟುಹೋಗಿ: ಇಷ್ಟೆಲ್ಲ ಅಳೆದ ಯಂತ್ರಗಳನ್ನು ಮಾಡಿದ್ದು ಯಾತಕ್ಕೆ? ಸದ್ದಿನಿಂದ ಆಳ ಅಳೆಯುವುದು, ಸೂಕ್ಷ್ಮ ಅಯಸ್ಕಾಂತಮಾಪಕ ಎರಡೂ ಬೆಳೆದದ್ದು ಯುದ್ಧದಲ್ಲಿ, ಜಲಾಂತರ್ಗಾಮಿ ಹುಡುಕುವ ಗಡಿಬಿಡಿಯಲ್ಲಿ. ಹೆಸ್ ಎರಡನೇ ಮಹಾಯುದ್ಧದಲ್ಲಿ ಹಡಗಿನ ಅಧಿಕಾರಿ. ಸೈನಿಕರನ್ನು ಸಾಗಿಸುವಾಗಲೂ ಆಳಮಾಪಕವನ್ನು ಚಾಲೂ ಇಟ್ಟೇ ಹೋಗುತ್ತಿದ್ದ. 1960ರ ದಶಕದ ಆರಂಭದಲ್ಲಿ ಜಗತ್ತಿನಾದ್ಯಂತ ಕೂರಿಸಿದ ಭೂಕಂಪಮಾಪಕಗಳ ಜಾಲ ಅಣುಬಾಂಬ್ ಪರೀಕ್ಷೆ ಪತ್ತೆ ಮಾಡಲು. ಅದರಿಂದಲೇ ಫಲಕಗಳ ಗಡಿ ಗೆರೆ ಬರೆದ ಹಾಗೆ ಕಂಡಿತು. ವರ್ಕ್‌ಶೀಟಿನವರು ವಿಜ್ಞಾನ ಒಂದು ಕಡೆ, ತಂತ್ರಜ್ಞಾನ ಒಂದು ಕಡೆ ನಿಲ್ಲಿಸಿ ಓಟದ ಸ್ಪರ್ಧೆ ಇಡುತ್ತಾರಲ್ಲ, ಇಲ್ಲಿ ಒಬ್ಬನ ಕಾಲು ಇನ್ನೊಬ್ಬನ ಕಾಲಿಗೆ ಕಟ್ಟಿದೆ.

ಹಗ್ಗ

ಮೂರನೇ ಪೀರಿಯಡ್ ಹಗ್ಗದ್ದು. ಒಂದೊಂದು ಹೊಸ ವಿಚಾರಕ್ಕೆ ಒಂದೊಂದು ಹಗ್ಗ, ಹತ್ತು ವರ್ಷಕ್ಕೆ ಒಂದು ಮೊಳ. ಒಬ್ಬರದೇ ಮೊಳ ಇಟ್ಟುಕೊಳ್ಳಿ, ಇಲ್ಲವಾದರೆ ಜಗಳವಾಗುತ್ತದೆ. ನಾನು ನನ್ನದನ್ನೇ ಇಟ್ಟೆ, ಮೊಣಕೈಯಿಂದ ಬೆರಳ ತುದಿಗೆ 45 ಸೆಂಟಿಮೀಟರ್. ಪ್ರತಿ ಹಗ್ಗಕ್ಕೆ ಮೂರು ಬಣ್ಣದ ಬಟ್ಟೆ ಕಟ್ಟಬೇಕು: ಹೇಳಿದ ವರ್ಷಕ್ಕೆ ಹಳದಿ, ಸಂಬಂಧಪಟ್ಟವರು ಒಪ್ಪಿ ನಡೆಯತೊಡಗಿದ್ದಕ್ಕೆ ಹಸಿರು, ಯಾಕೆ ಹಾಗಾಗುತ್ತದೆ ಅಂತ ಗೊತ್ತಾದದ್ದಕ್ಕೆ ಕೆಂಪು.

ಖಂಡಗಳದ್ದು 1912ರಿಂದ 1968, ಐದೂವರೆ ಮೊಳ ಮತ್ತು ಮೂರು ಬೆರಳು. ಹಸಿರು ಕೆಂಪು ಹತ್ತಿರ ಹತ್ತಿರ.

ನಿಂಬೆಹಣ್ಣಿನದ್ದು ಎಲ್ಲಕ್ಕಿಂತ ಉದ್ದ, ಅದನ್ನು ವರಾಂಡಕ್ಕೆ ಒಯ್ದೇ ಅಳೆಯಬೇಕು. ಹಡಗಿನವರಿಗೆ ಒಸಡು ಕೊಳೆತು ಸಾಯುವ ಸ್ಕರ್ವಿ ಬರುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ರೋಗಿಗಳನ್ನು ಎರಡೆರಡಾಗಿ ವಿಂಗಡಿಸಿ ಬೇರೆ ಬೇರೆ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಆರು ದಿನದಲ್ಲಿ ಎದ್ದು ಓಡಾಡಿದರು. ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ಸಿ ವಿಟಮಿನ್ ಅಂತ ಗುರುತಾದದ್ದು 1930ರ ದಶಕದಲ್ಲಿ. ಹಸಿರಿಗೆ ಐದು ಮೊಳ ಹತ್ತಿರ, ಕೆಂಪಿಗೆ ಹದಿನೆಂಟು ದಾಟುತ್ತದೆ. ತಂತ್ರಜ್ಞಾನ ವೇಗ ಎಂಬ ಉತ್ತರ ಇಲ್ಲೇ ಬಿದ್ದುಹೋಗುತ್ತದೆ.

ಕೈತೊಳೆಯುವುದು: 1847, ವಿಯೆನ್ನಾ, ಸೆಮ್ಮೆಲ್‌ವೈಸ್ ಎಂಬ ವೈದ್ಯ. ಶವ ಮುಟ್ಟಿದ ಕೈಯನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆದು ಹೆರಿಗೆಗೆ ಹೋಗಿ ಅಂದ, ಬಾಣಂತಿಯರ ಸಾವು ತಿಂಗಳೊಳಗೆ ಇಳಿಯಿತು, ಆದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ಲಿಸ್ಟರ್ ಎಂಬ ಶಸ್ತ್ರವೈದ್ಯ ಗಾಯದ ಕ್ರಿಮಿ ಕೊಲ್ಲುವ ತನ್ನ ಕ್ರಮವನ್ನು 1867ರಲ್ಲಿ ಪ್ರಕಟಿಸುವ ಹೊತ್ತಿಗೆ ಎರಡು ಮೊಳ ಆಗಿತ್ತು, ಸೆಮ್ಮೆಲ್‌ವೈಸ್ ತೀರಿಕೊಂಡು ಎರಡು ವರ್ಷ. ಮೊಬೈಲಿನದ್ದನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ: ಕೈಯಲ್ಲಿ ಹಿಡಿಯುವ ಫೋನಿನಿಂದ ಮೊದಲ ಕರೆ 1973, ಭಾರತದಲ್ಲಿ 1995. ಎರಡು ಮೊಳ, ಅದರ ಮೇಲೆ ಒಂದು ಗೇಣಿಗೂ ಕಡಿಮೆ. ಅದರಲ್ಲಿ ಚರ್ಚಿಸುವಂಥದ್ದು ಹೆಚ್ಚೇನಿಲ್ಲ, ಮುಂದೆ ಹೋಗಿ.

ನಮ್ಮ ಕಡೆ ನಿಲ್ಲಬೇಕಾದದ್ದು ಬೋರ್ಡೋ ಹಗ್ಗದ ಹತ್ತಿರ. ಫ್ರಾನ್ಸಿನ ಬೋರ್ಡೋ ಕಡೆ ದಾರಿಬದಿಯ ದ್ರಾಕ್ಷಿಯನ್ನು ಹೋಗಿ ಬರುವವರು ಕೀಳದಿರಲಿ ಅಂತ ಮೈಲುತುತ್ತ ಸುಣ್ಣ ಕಲಸಿ ಎರಚುತ್ತಿದ್ದರು, ನೋಡಲು ವಿಷದ ಹಾಗೆ ಕಾಣಲಿ ಅಂತ. 1882ರಲ್ಲಿ ಮಿಲ್ಯಾರ್ಡೆ ಎಂಬ ಸಸ್ಯವಿಜ್ಞಾನಿ ನೋಡಿದ: ತೋಟವೆಲ್ಲ ಬೂಷ್ಟು ಹಿಡಿದು ಎಲೆ ಉದುರಿದ್ದರೂ ದಾರಿಬದಿಯ ಸಾಲು ಮಾತ್ರ ಹಸಿರಾಗಿದೆ. 1885ರಲ್ಲಿ ಪ್ರಕಟಿಸಿದ. 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ಬರೆದು ಅದಕ್ಕೂ ಇದೇ ಮದ್ದು ಅಂದರು. ಎರಡೂವರೆ ಮೊಳದಲ್ಲಿ ಫ್ರಾನ್ಸಿನ ದ್ರಾಕ್ಷಿಯಿಂದ ಮಲೆನಾಡಿನ ಅಡಿಕೆಗೆ.

ನನ್ನ ತರಗತಿಯಲ್ಲಿ ಅಡಿಕೆ ತೋಟದ ಮಕ್ಕಳು ಯಾವಾಗಲೂ ನಾಲ್ಕೈದು ಜನ ಇರುತ್ತಾರೆ. ಮದ್ದು ಕಲಸುವುದನ್ನು ಅವರಿಂದಲೇ ಹೇಳಿಸಿ. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಬೇಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಹೊಯ್ಯಬಾರದು. ಕೊನೆಗೆ ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದು ನೋಡುವುದು, ಅಲಗು ಕೆಂಪಗಾದರೆ ತುತ್ತ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ. "ಕೆಂಪು ಯಾಕೆ ಆಗುವುದು?" ಅಂದೆ ಒಬ್ಬನಿಗೆ. "ಅದು ಅಜ್ಜನಿಗೂ ಗೊತ್ತಿಲ್ಲ ಟೀಚರ್, ಆಗ್ತದೆ" ಅಂದ. ಅಜ್ಜ ಐವತ್ತು ವರ್ಷದಿಂದ ಮದ್ದು ಬಿಡುತ್ತಿದ್ದಾರೆ. ಕಬ್ಬಿಣದ ಮೇಲೆ ತಾಮ್ರ ಕೂರುತ್ತದೆ ಎಂಬುದು ಗೊತ್ತಿಲ್ಲದೆಯೂ ಒಂದು ಮಳೆಗಾಲವೂ ಗೊನೆ ಉದುರಿಸಿಕೊಂಡವರಲ್ಲ.

ಇಲ್ಲಿಗೆ ಬಂದ ಮೇಲೆ ಬೋರ್ಡಿನಲ್ಲಿ ಒಂದೇ ಪ್ರಶ್ನೆ ಬರೆಯಿರಿ: ಒಪ್ಪದಿದ್ದರೆ ನಷ್ಟ ಯಾರಿಗೆ? ಐದೂ ಹಗ್ಗದ ಪಕ್ಕ ಉತ್ತರ ಬರೆಸಿ. ಬೋರ್ಡೋ ಒಪ್ಪದವನ ಅಡಿಕೆ ಮಳೆಗಾಲದ ಆಟಿ ತಿಂಗಳಲ್ಲಿ ಬುಡಕ್ಕೆ ಬೀಳುತ್ತದೆ, ಬೇಲಿಯಾಚೆ ನೆರೆಮನೆಯವರ ಗೊನೆ ತುಂಬಿರುತ್ತದೆ. ಒಪ್ಪಬೇಕಾದವನೂ ನಷ್ಟವಾಗುವವನೂ ಒಬ್ಬನೇ. ಮೊಬೈಲಿಗೂ ಹಾಗೆಯೇ, ಇಲ್ಲದವನಿಗೆ ತೊಂದರೆ. ನಿಂಬೆಹಣ್ಣಿನಲ್ಲಿ ಹಾಗಿಲ್ಲ: ಸತ್ತದ್ದು ನಾವಿಕರು, ಒಪ್ಪಬೇಕಾಗಿದ್ದದ್ದು ಲಂಡನ್ನಿನಲ್ಲಿ ಕೂತ ಅಧಿಕಾರಿಗಳು. ವಿಯೆನ್ನಾದಲ್ಲಿ ಸತ್ತದ್ದು ಬಾಣಂತಿಯರು, ಕೈ ತೊಳೆಯಬೇಕಾಗಿದ್ದದ್ದು ವೈದ್ಯರು. ಮದ್ದು ಕಣ್ಣೆದುರು ಕೆಲಸ ಮಾಡಿದರೂ ಹಗ್ಗ ಉದ್ದವಾದದ್ದು ಅದಕ್ಕೇ ಅಂತ ನನ್ನ ಅಂದಾಜು. ಮಕ್ಕಳು ಬೇರೆ ಕಾರಣ ಹೇಳಿದರೆ ಬರೆದುಕೊಳ್ಳಿ. ಒಬ್ಬಳು "ಕೈ ತೊಳೆಯಿರಿ ಅಂದರೆ ಇಷ್ಟು ದಿನ ಕೊಂದದ್ದು ನೀವೇ ಅಂತ ಆಗುತ್ತಲ್ಲ" ಅಂದಿದ್ದಳು, ಅದು ನನಗೆ ಹೊಳೆದಿರಲಿಲ್ಲ.

ಖಂಡಗಳ ಹಗ್ಗದ ಪಕ್ಕ ಏನು ಬರೆಯಬೇಕು? 1930ರಲ್ಲಿ ಒಬ್ಬ ಭೂವಿಜ್ಞಾನಿ ವೆಗೆನರ್‌ನನ್ನು ಒಪ್ಪದೆ ಕೂತರೆ ಅವನ ತೋಟದಲ್ಲಿ ಏನೂ ಉದುರುವುದಿಲ್ಲ. ಯಾರಿಗೂ ನಷ್ಟವಿಲ್ಲ, ಕೈಯಲ್ಲಿ ಹಿಡಿದು ಉಪಯೋಗಿಸುವ ವಸ್ತುವೂ ಅಲ್ಲ. ಅಂಥದ್ದನ್ನು ಒಪ್ಪಿಸಲು ಸಾಕ್ಷ್ಯ ಬಿಟ್ಟರೆ ಬೇರೆ ದಾರಿ ಇಲ್ಲ, ಸಾಕ್ಷ್ಯ ಇದ್ದದ್ದು ನಾಲ್ಕು ಕಿಲೋಮೀಟರ್ ನೀರಿನ ಅಡಿಯಲ್ಲಿ. ಹಾಗೆ ನೋಡಿದರೆ ಐದೂವರೆ ಮೊಳ ಗಿಡ್ಡವೇ. ಒಪ್ಪಿದ ಮೇಲೆ ಮಾತ್ರ ಉಪಯೋಗ ಬಂತು: 2004 ಡಿಸೆಂಬರ್ 26ರ ಸುನಾಮಿ ಸುಮಾತ್ರದ ಹತ್ತಿರ ಯಾಕೆ ಹುಟ್ಟಿತು, ಅಂಥದ್ದು ಇನ್ನೆಲ್ಲಿ ಹುಟ್ಟಬಹುದು ಅಂತ ಈಗ ನಕಾಶೆ ನೋಡಿ ಹೇಳಬಹುದು.

ಇಲ್ಲಿ ಹಗ್ಗ ಸುತ್ತಿಟ್ಟು ಕ್ಲಾಸು ಮುಗಿಸುತ್ತಿದ್ದೆ. ಈಗ ಇನ್ನೊಂದು ಲೆಕ್ಕ ಸೇರಿಸಿದ್ದೇನೆ, ಅದನ್ನು ಕಂಡುಹಿಡಿದದ್ದು ಒಬ್ಬ ವಿದ್ಯಾರ್ಥಿನಿ. ಭಾರತದ ಫಲಕ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಸರಿಯುತ್ತದೆ ಅಂತ ಬೋರ್ಡಿನಲ್ಲಿ ಬರೆದಿದ್ದೆ, ಈಗ ಜಿಪಿಎಸ್‌ನಿಂದ ನೇರವಾಗಿ ಅಳೆಯುತ್ತಾರೆ ಅಂತಲೂ ಹೇಳಿದ್ದೆ. ಅವಳು ಹಗ್ಗ ಸುತ್ತುತ್ತಿದ್ದವಳು ನಿಂತು, "ಹತ್ತು ವರ್ಷಕ್ಕೆ ಐವತ್ತು ಸೆಂಟಿಮೀಟರ್ ಅಂದರೆ ಹತ್ತಿರ ಹತ್ತಿರ ನಿಮ್ಮ ಮೊಳ ಅಲ್ವಾ ಟೀಚರ್?" ಅಂದಳು. ಅಳೆದು ನೋಡಿದೆವು. ಐವತ್ತಾರು ವರ್ಷದ ಹಗ್ಗ 2.52 ಮೀಟರ್. ಐವತ್ತಾರು ವರ್ಷದಲ್ಲಿ ನೆಲ ಸರಿದದ್ದು 2.80. ಒಂದು ಗೇಣು ಚಿಲ್ಲರೆ ವ್ಯತ್ಯಾಸ. ಸರಿಯುತ್ತದೋ ಇಲ್ಲವೋ ಅಂತ ಇವರು ವಾದ ಮಾಡುತ್ತಿದ್ದಷ್ಟು ಹೊತ್ತು ನಮ್ಮ ಕುಂಬಳೆ ಹೊಳೆ, ಮುರಕಲ್ಲಿನ ಗುಡ್ಡ, ಗುಡ್ಡದೊಳಗಿನ ಸುರಂಗ ಎಲ್ಲ ಸೇರಿ ಹೆಚ್ಚುಕಡಿಮೆ ಆ ಹಗ್ಗದಷ್ಟೇ ದೂರ ಹೋಗಿದ್ದವು.

ಮತ್ತೊಬ್ಬ ಕೂಡಲೇ 1956 ನವೆಂಬರ್ 1ರಿಂದ ಲೆಕ್ಕ ಹಾಕಿದ, ನಮ್ಮ ಮಕ್ಕಳಿಗೆ ಆ ತಾರೀಕು ಹೇಳಿಕೊಡಬೇಕಾಗಿಲ್ಲ. ವೆಗೆನರ್ ಹುಟ್ಟಿದ್ದೂ ನವೆಂಬರ್ 1, 1880ರಲ್ಲಿ, ಅಂತ ನಾನು ಸೇರಿಸಿದೆ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮೂರು ಮೀಟರಿಗೂ ಹೆಚ್ಚು ಸರಿದಿದೆ ಅಂತ ಅವನ ಲೆಕ್ಕ. "ಹಾಗಾದರೆ ಕರ್ನಾಟಕದ ಹತ್ತಿರ ಬಂತಾ?" ಅಂತ ಹಿಂದಿನಿಂದ ಕೇಳಿದರು. ಬೆಂಗಳೂರೂ ಅಷ್ಟೇ ಸರಿದಿದೆ ಮಕ್ಕಳೇ ಅಂದೆ.

ಸಾಧ್ಯವಾದರೆ ಡಿಸೆಂಬರಿನಲ್ಲಿ ಮಲ್ಪೆಗೆ ಕರೆದುಕೊಂಡು ಹೋಗಿ. ಉಡುಪಿಯವರೆಗೆ ರೈಲು, ಅಲ್ಲಿಂದ ಬಸ್ಸು, ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಆರು ಮೂಲೆಯ ಕಂಬಗಳನ್ನು ಜೋಡಿಸಿಟ್ಟ ಹಾಗಿರುವ ಆ ಬಂಡೆ ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಹೊತ್ತಿನ ಲಾವಾ. ಮಧ್ಯಾಹ್ನ ಕಲ್ಲು ಸುಡುತ್ತದೆ, ಚಪ್ಪಲಿ ಬಿಡಿಸಬೇಡಿ, ನೀರು ಹೆಚ್ಚು ಇಟ್ಟುಕೊಳ್ಳಿ.

ಹಗ್ಗವನ್ನು ಪ್ರಯೋಗ ಮುಗಿದ ಮೇಲೆ ಎಸೆಯಬೇಡಿ. ಖಂಡಗಳದ್ದನ್ನು ತರಗತಿಯ ಹಿಂದಿನ ಗೋಡೆಗೆ, 1912ರ ತುದಿಗೆ ಮೊಳೆ ಹೊಡೆದು ಕಟ್ಟಿ. 1968ರ ಆಚೆಗೂ ಹಗ್ಗ ಬಿಟ್ಟಿರಿ, ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳು ಬಂದಾಗ ಒಂದು ಗುರುತು ಹಾಕಿಸಿ. ವರ್ಷಕ್ಕೆ ಮೂರು ಬೆರಳು ಅಗಲ. ನಮ್ಮಲ್ಲಿ ಅದು ಈಗ ಕಿಟಕಿ ದಾಟಿದೆ, ಬಾಗಿಲಿನ ಹತ್ತಿರ ಬಂದಾಗ ಏನು ಮಾಡುವುದು ಅಂತ ಇನ್ನೂ ತೀರ್ಮಾನವಾಗಿಲ್ಲ.